ಪದವಿ ಪರೀಕ್ಷಾ ಶುಲ್ಕ ಏರಿದ್ದೇಕೆ, ಯಾರನ್ನು ಕೇಳಬೇಕು?

ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಓದುವ ಮಗಳ ಪದವಿ ಪರೀಕ್ಷಾ ಶುಲ್ಕ ಏರಿದ್ದೇಕೆ ಎಂದು ಕೇಳಿದ್ದೀರಿ. ಬಹುಶಃ ವಿಶ್ವವಿದ್ಯಾಲಯವನ್ನು ಒಡೆದು ಹೊಸದೊಂದನ್ನು ಮಾಡಿದ್ದೇ ಕಾರಣ. ವಿಶ್ವವಿದ್ಯಾಲಯಕ್ಕೆ ಬರುವ ಸರ್ಕಾರದ ಅನುದಾನ ಹೆಚ್ಚಾಗಿ ಸಂಬಳ, ಪಿಂಚಣಿಗೇ ಸವೆಯುತ್ತದೆ. ಉಳಿದದ್ದಕ್ಕೆ ಪರೀಕ್ಷಾ ಶುಲ್ಕ, ಕಾಲೇಜುಗಳು ವಿಶ್ವವಿದ್ಯಾಲಯದ ಅಡಿ ನಡೆಯಲು ಕಟ್ಟುವ ಸಂಯೋಜನಾ ಶುಲ್ಕವೇ ಆಧಾರ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿದ್ದ ಬಾಗಲಕೋಟೆ ಜಿಲ್ಲೆಯ ಕಾಲೇಜುಗಳು ಈಗ ಜಮಖಂಡಿಯ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿವೆ. ಕುಲಸಚಿವರ ಕಚೇರಿ, ಮೌಲ್ಯಮಾಪನದ ಖರ್ಚು ಈಗ ಕಡಿಮೆ ವಿದ್ಯಾರ್ಥಿಗಳ ಹೆಗಲಿಗೆ ಬೀಳುತ್ತದೆ. ಇದು ಮಕ್ಕಳಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಾಲೇಜೇ ಏನಾದರೂ ಸೇರಿಸಿರಲೂಬಹುದು. ರಸೀದಿ ನೋಡದೆ ಹೇಳಲಾರೆ.

ಮೊದಲು ರಸೀದಿಯನ್ನು ವಿಶ್ವವಿದ್ಯಾಲಯದ ಶುಲ್ಕ ಸುತ್ತೋಲೆಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ನನ್ನ ಮಗನ ರಸೀದಿಯಲ್ಲಿ ‘ಇತರೆ’ ಎಂದು 350 ರೂಪಾಯಿ ಇತ್ತು, ಸುತ್ತೋಲೆಯಲ್ಲಿ ಆ ಸಾಲೇ ಇರಲಿಲ್ಲ. ಪ್ರಾಂಶುಪಾಲರಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಮೇಲೆ ಹಣ ಮರಳಿತು. ಬಾಯಿಮಾತಿನಲ್ಲಿ ಕೇಳಿದಾಗ ಯಾರೂ ತಿರುಗಿ ನೋಡಿರಲಿಲ್ಲ.

ಸುತ್ತೋಲೆಯಲ್ಲೇ ಏರಿಕೆಯಿದ್ದರೆ ವಿಶ್ವವಿದ್ಯಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದಗಳೊಳಗೆ. ಶುಲ್ಕ ಏರಿಸಿದ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ನಡಾವಳಿಯ ಪ್ರತಿ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಈ ನಡುವೆ ಶುಲ್ಕವನ್ನು ಗಡುವಿನೊಳಗೆ ಕಟ್ಟಿಬಿಡಿ, ಪ್ರವೇಶಪತ್ರ ತಪ್ಪಬಾರದು.