ಪ್ರಶ್ನೆಯನ್ನು ಕೇಳಗೊಡದ ಗಡಿಯಾರ: ಒಂದು ಆಪ್ತಸಲಹೆ ಪ್ರಕರಣ

ಪರದೆಯ ಮೇಲಿನ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ನೆರವಿನಿಂದ ಓದುವ ಪದವಿ ವಿದ್ಯಾರ್ಥಿನಿಯೊಬ್ಬರು, ತಮ್ಮ ಕಲಿಯುವ ಶಕ್ತಿಯೇ ಕುಂದಿದೆ ಎಂಬ ಅಳಲಿನೊಂದಿಗೆ ಬಂದರು. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.) ಚರ್ಚೆಗಳಲ್ಲಿ ಚುರುಕಾಗಿದ್ದ ಅವರು ಆನ್‌ಲೈನ್ ಕಿರುಪರೀಕ್ಷೆಗಳಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದರು, ಪರೀಕ್ಷೆಯ ಮುನ್ನಾದಿನ ನಿದ್ದೆ ಹತ್ತುತ್ತಿರಲಿಲ್ಲ, ಕೋರ್ಸ್ ಬಿಡುವ ಯೋಚನೆಯೂ ಸುಳಿದಿತ್ತು.

ಆತಂಕ ತಗ್ಗಿಸುವ ಅಭ್ಯಾಸಗಳಿಂದಲೇ ಆರಂಭಿಸಬಹುದಿತ್ತು. ಆದರೆ ಸೋಲು ಪ್ರತಿ ಬಾರಿಯೂ ಒಂದೇ ಜಾಗದಲ್ಲಿ ಎದುರಾಗುತ್ತಿರುವಾಗ ಆ ಜಾಗವನ್ನು ಪರಿಶೀಲಿಸದೆ ವ್ಯಕ್ತಿಯನ್ನಷ್ಟೇ ತಿದ್ದಹೊರಡುವುದು ಅನ್ಯಾಯವೆಂದು ನಾನು ನಂಬುತ್ತೇನೆ. ಆದ್ದರಿಂದ ಅಭ್ಯಾಸ ಪರೀಕ್ಷೆಯೊಂದನ್ನು ನನ್ನೆದುರೇ ಬರೆಯಲು ಕೋರಿದೆ. ಪುಟದ ಮೂಲೆಯಲ್ಲಿದ್ದ ಗಡಿಯಾರವನ್ನು, ಅಂಕಿ ಬದಲಾದಾಗಲೆಲ್ಲ ಘೋಷಣೆಯಾಗುವಂತೆ ಕೋಡ್‌ನಲ್ಲಿ ಗುರುತಿಸಲಾಗಿತ್ತು. ಹೀಗಾಗಿ ಸ್ಕ್ರೀನ್ ರೀಡರ್ ಪ್ರಶ್ನೆಯ ಎರಡು ಪದ ಓದುವಷ್ಟರಲ್ಲಿ ಅದನ್ನು ತುಂಡರಿಸಿ ಉಳಿದ ಸಮಯವನ್ನು ಹೇಳುತ್ತಿತ್ತು, ಮತ್ತೆ ಓದಲು ತೊಡಗಿದರೆ ಮತ್ತೆ ಅದೇ ಅಡಚಣೆ. ಕಣ್ಣಿನಿಂದ ಓದುವವರು ಗಮನಿಸದೆ ಬಿಡಬಹುದಾದ ಅಂಕಿ ಇವರಿಗೆ ಪ್ರಶ್ನೆಯನ್ನೇ ಮುಚ್ಚುವ ಸದ್ದಾಗಿತ್ತು. ಇನ್ನು ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಉತ್ತರವನ್ನು ಮೌಸ್‌ನಿಂದಲೇ ಎಳೆದು ಬಿಡಬೇಕಿತ್ತು, ಕೀಬೋರ್ಡ್‌ಗೆ ದಾರಿಯಿರಲಿಲ್ಲ.

‘ನನಗೆ ಬರಲಿಲ್ಲ’ ಎಂದು ಬರೆದುಕೊಳ್ಳುವ ಬದಲು ಯಾವ ಪ್ರಶ್ನೆಯಲ್ಲಿ, ಯಾವ ಕೀಲಿ ಒತ್ತಿದಾಗ, ಏನು ಕೇಳಿಸಿತು ಎಂಬುದನ್ನು ದಾಖಲಿಸುವಂತೆ ಅವರಿಗೆ ಸಲಹೆ ನೀಡಿದೆ. ಆ ದಾಖಲೆಯನ್ನೇ ಮನವಿಯಾಗಿಸಿ ಸಂಸ್ಥೆಗೆ ಕಳುಹಿಸಿದೆವು. ಎಲ್ಲ ಕ್ರಿಯೆಗಳೂ ಕೀಬೋರ್ಡ್‌ನಿಂದ ಸಾಧ್ಯವಾಗಬೇಕೆಂಬುದು ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿದ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಮೂಲಭೂತವಾದ ‘ಎ’ ಹಂತದ ನಿಯಮ ಎಂಬುದನ್ನೂ, ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಮಾಡುವ ಪರ್ಯಾಯವಿರಬೇಕೆಂದು ಅದರ 2023ರ 2.2 ಆವೃತ್ತಿಯು ಮುಂದಿನ ‘ಎಎ’ ಹಂತದಲ್ಲಿ ಸೇರಿಸಿದೆ ಎಂಬುದನ್ನೂ ಅದರಲ್ಲಿ ನಮೂದಿಸಿದೆವು.

ಸಂಸ್ಥೆ ಮೊದಲು ಹೆಚ್ಚುವರಿ ಸಮಯ ಕೊಡಲು ಮುಂದಾಯಿತು. ಸದುದ್ದೇಶದ ಈ ಪರಿಹಾರವನ್ನೇ ಕೊನೆಯದೆಂದು ಒಪ್ಪಿಕೊಳ್ಳಬಾರದೆಂದು ನಾನು ಒತ್ತಾಯಿಸಿದೆ, ಏಕೆಂದರೆ ಪ್ರತಿ ಸೆಕೆಂಡಿಗೂ ತುಂಡಾಗುವ ಪ್ರಶ್ನೆ ಎರಡರಷ್ಟು ಸಮಯ ಸಿಕ್ಕರೂ ತುಂಡಾಗಿಯೇ ಕೇಳಿಸುತ್ತದೆ. ವಿನ್ಯಾಸಕರಿಗೆ ನಾವು ಸೂಚಿಸಿದ್ದು ಸರಳವಾಗಿತ್ತು: ಉಳಿದ ಸಮಯವನ್ನು ವಿದ್ಯಾರ್ಥಿ ಕೇಳಿದಾಗ ಮತ್ತು ಅವಧಿ ಮುಗಿಯುವ ಕೆಲವು ನಿಮಿಷ ಮೊದಲು ಮಾತ್ರ ಹೇಳಲಿ, ಹೊಂದಿಸುವ ಪ್ರಶ್ನೆಗಳಿಗೆ ಆಯ್ಕೆಪಟ್ಟಿ ಇರಲಿ, ಬಿಡುಗಡೆಗೆ ಮುನ್ನ ಸ್ಕ್ರೀನ್ ರೀಡರನ್ನು ದಿನವೂ ಬಳಸುವವರಿಂದಲೇ ಪುಟದ ಪರಿಶೀಲನೆಯಾಗಲಿ, ಆ ಶ್ರಮಕ್ಕೆ ಸಂಭಾವನೆಯೂ ಸಿಗಲಿ. ಈ ಕೊನೆಯ ಮಾತನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ತಪ್ಪುಗಳನ್ನು ಪತ್ತೆಹಚ್ಚುವ ಹೊರೆಯನ್ನು ಅವುಗಳಿಂದ ನೊಂದ ವಿದ್ಯಾರ್ಥಿಗಳ ಮೇಲೆ ಪುಕ್ಕಟೆಯಾಗಿ ಹೇರುವುದು ಸಲ್ಲದು.

ಗಡಿಯಾರದ ದೋಷ ಸರಿಯಾಗಿದೆ. ಹೊಂದಿಸುವ ಪ್ರಶ್ನೆಗಳ ತಿದ್ದುಪಡಿ ಮುಗಿಯುವವರೆಗೆ ಅಷ್ಟೇ ಅಂಕಗಳ ಬೇರೆ ರೂಪದ ಪ್ರಶ್ನೆಗಳನ್ನು ಕೊಡಲು ಸಂಸ್ಥೆ ಒಪ್ಪಿದೆ. ವಿದ್ಯಾರ್ಥಿನಿಯ ಪರೀಕ್ಷಾಭಯ ಇನ್ನೂ ಪೂರ್ತಿ ಇಳಿಯದಿರುವುದರಿಂದ ನಮ್ಮ ಭೇಟಿಗಳು ಮುಂದುವರಿದಿವೆ.