ಪರದೆಯ ಮೇಲಿನ ಪಿನ್‌ಬಾಲ್

ಪ್ರಶ್ನೆ: ಹಳೆಯ ಪಿನ್‌ಬಾಲ್ ಯಂತ್ರಗಳನ್ನು (ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಹೊಡೆದು ಅಂಕ ಗಳಿಸುವ ಯಂತ್ರಗಳು) ಮರುಸೃಷ್ಟಿಸುವ ವಿಡಿಯೋ ಗೇಮ್‌ಗಳು ಮೂಲಕ್ಕೆ ಎಷ್ಟು ನಿಷ್ಠವಾಗಿರುತ್ತವೆ? ಅವುಗಳಲ್ಲಿ ಕೆಲವು ಯಂತ್ರಗಳು ಇದ್ದಕ್ಕಿದ್ದಂತೆ ಮಾರಾಟದಿಂದ ಮಾಯವಾಗುವುದೇಕೆ?

ಉತ್ತರ: ಪ್ಯಾಟ್ ಲಾಲರ್ ವಿನ್ಯಾಸ ಮಾಡಿದ, 1992ರಲ್ಲಿ ಬ್ಯಾಲಿ ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಬಂದು 20,000ಕ್ಕೂ ಹೆಚ್ಚು ಮಾರಾಟವಾದ ‘ದಿ ಆಡಮ್ಸ್ ಫ್ಯಾಮಿಲಿ’ ಯಂತ್ರವನ್ನೇ ನೋಡೋಣ. ಅದರ ಕಾಲದ ಯಂತ್ರಗಳಲ್ಲಿ ಅಂಕ, ದೀಪ, ಸದ್ದುಗಳನ್ನು ನಿಯಂತ್ರಿಸುವುದು ಚಿಪ್‌ನಲ್ಲಿರುವ ಪ್ರೋಗ್ರಾಮ್ ಆದ್ದರಿಂದ, ಗೇಮ್ ತಯಾರಕರು ಆ ಪ್ರೋಗ್ರಾಮನ್ನೇ ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರದ ಚಿಪ್‌ನಂತೆ ವರ್ತಿಸುವ ತಂತ್ರಾಂಶದಲ್ಲಿ) ಓಡಿಸಬಲ್ಲರು. ಆಟದ ನಿಯಮಗಳು ಚಾಚೂ ತಪ್ಪದೆ ಬರುತ್ತವೆ. ಕಷ್ಟವಿರುವುದು ಚೆಂಡಿನಲ್ಲಿ. ಈ ಯಂತ್ರದ ಹಲಗೆಯ ಕೆಳಗೆ ಅಡಗಿರುವ ವಿದ್ಯುತ್ಕಾಂತಗಳು ಉರುಳುತ್ತಿರುವ ಉಕ್ಕಿನ ಚೆಂಡನ್ನು ಹಠಾತ್ತನೆ ಅಡ್ಡದಾರಿಗೆ ಎಳೆಯುತ್ತವೆ. ಆ ಎಳೆತ, ರಬ್ಬರಿನ ಪುಟಿತ, ಮೈಕೈ ಹಾಕಿ ಯಂತ್ರವನ್ನು ಅಲುಗಿಸುವ ಆಟಗಾರನ ಚಾಳಿ, ಇವೆಲ್ಲವನ್ನೂ ಲೆಕ್ಕಾಚಾರದಿಂದಲೇ ಅಂದಾಜಿಸಬೇಕು. ನನ್ನ ಮಟ್ಟಿಗೆ ಪರದೆಯ ಚೆಂಡು ಇಂದಿಗೂ ತುಸು ಹಗುರವೇ.

ಮಾಯವಾಗುವುದಕ್ಕೆ ಕಾರಣ ಪರವಾನಗಿ. ‘ದಿ ಪಿನ್‌ಬಾಲ್ ಆರ್ಕೇಡ್’ ಎಂಬ ಗೇಮ್ ತಯಾರಿಸಿದ ಅಮೆರಿಕದ ಫಾರ್‌ಸೈಟ್ ಸ್ಟುಡಿಯೋಸ್‌ಗಿದ್ದ ವಿಲಿಯಮ್ಸ್ ಮತ್ತು ಬ್ಯಾಲಿ ಬ್ರ್ಯಾಂಡ್‌ಗಳ ಯಂತ್ರಗಳ ಹಕ್ಕು 2018ರ ಜೂನ್ ಅಂತ್ಯಕ್ಕೆ ಮುಗಿದು, ಹಂಗೆರಿಯ ಝೆನ್ ಸ್ಟುಡಿಯೋಸ್ ಪಾಲಾಯಿತು. ಮೊದಲೇ ಕೊಂಡವರ ಆಟಕ್ಕೆ ಇದರಿಂದ ಧಕ್ಕೆಯಾಗಲಿಲ್ಲ. ಸಿನಿಮಾ ಆಧಾರಿತ ಯಂತ್ರಗಳಿಗೆ ಚಿತ್ರದ ಹಕ್ಕುದಾರರ ಒಪ್ಪಿಗೆಯೂ ಬೇಕಿರುವುದರಿಂದ ತೊಡಕು ಇಮ್ಮಡಿ. ಅಂಥದ್ದೇ ಆದ ‘ಆಡಮ್ಸ್ ಫ್ಯಾಮಿಲಿ’ ಝೆನ್‌ನ ‘ಪಿನ್‌ಬಾಲ್ ಎಫ್‌ಎಕ್ಸ್’ ಗೇಮ್‌ಗೆ ಬಂದದ್ದು 2023ರಲ್ಲಿ.