ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಕಾರು ಹೇಗೆ ಓಡಿಸಬೇಕು?

ಕೊಟ್ಟಿಗೆಹಾರದಿಂದ ಉಜಿರೆ ಕಡೆಗೆ ಮಳೆಯಲ್ಲಿ ಇಳಿಯುವುದು ಹೇಗೆ ಅಂತ ಕೇಳಿದ್ದೀರಿ. ಮೊದಲು ಗೇರ್ ವಿಷಯ. ಇಳಿಜಾರು ಶುರುವಾಗುವ ಮುಂಚೆಯೇ ಸೆಕೆಂಡ್ ಗೇರಿಗೆ ಬನ್ನಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುವ ಜಾಣತನ ಇಲ್ಲಿ ಬೇಡವೇ ಬೇಡ. ತಿರುವಿಗೆ ಮುಂಚೆ, ಸ್ಟೀರಿಂಗ್ ನೆಟ್ಟಗಿರುವಾಗಲೇ ವೇಗ ತಗ್ಗಿಸಿ. ತಿರುಗಿಸುತ್ತಿರುವಾಗ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರುತ್ತದೆ.

ಮಂಜು ಕವಿದರೆ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿಗೆ ತಾಗಿ ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್ ಸಾಕು. ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತಾ ಓಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅಲ್ವಾ? ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಗಾಜಿಗೆ ಒಳಗಿನಿಂದ ಹಬೆ ಹಿಡಿದರೆ ಸುಮ್ನೆ ಒರೆಸುತ್ತಾ ಕೂರಬೇಡಿ, ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ.

ಟೈರಿನ ಗ್ರಿಪ್, ಅಂದರೆ ಅದರ ಮೇಲಿನ ಗೀರುಗಳ ಆಳ, 1.6 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಾನೂನೂ ಒಪ್ಪುವುದಿಲ್ಲ. ಜಲಪಾತ ಕಂಡಿತೆಂದು ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ. ಜೋರು ಮಳೆಗೆ ಇಲ್ಲಿ ಗುಡ್ಡ ಕುಸಿಯುವುದುಂಟು, ಸಂಚಾರ ನಿಲ್ಲಿಸುವುದೂ ಉಂಟು. ಹೊರಡುವ ಮುಂಚೆ ದಾರಿ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.